ದಕ್ಷಿಣ ದ್ವೀಪದಲ್ಲಿ ನಾವೇ ಕಾರು ಓಡಿಸಿಕೊಂಡು ಮಧುಚಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಬಾಡಿಗೆ ಕಾರಿನಲ್ಲಿ ಸುತ್ತಿ ಬರಬೇಕೆಂದಿರುವ ನವದಂಪತಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಪತಿಯೂ ಒಂದು ಏಪ್ರಿಲ್ ತಿಂಗಳಲ್ಲಿ ಈ ದ್ವೀಪವನ್ನು ಸುತ್ತಿದೆವು. ಅಲ್ಲಿ ನಾವು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ದಿನಕ್ಕೆ ಎಷ್ಟು ದೂರ ಎಂಬ ಒಂದೇ ಲೆಕ್ಕ ತಪ್ಪಿದ್ದರಿಂದ ಆದವು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಪ್ರವಾಸಿ ಬಸ್ಸು ಇರುವಾಗ ಕಾರನ್ನು ನಾವೇ ಏಕೆ ಓಡಿಸಬೇಕು?

ಬಸ್ಸು ನಿಲ್ಲುವುದು ಅದರ ವೇಳಾಪಟ್ಟಿಯಲ್ಲಿರುವ ಜಾಗಗಳಲ್ಲಿ ಮಾತ್ರ. ದಕ್ಷಿಣ ದ್ವೀಪದಲ್ಲಾದರೋ ನೋಡಬೇಕಾದದ್ದು ಊರುಗಳಿಗಿಂತ ಊರುಗಳ ನಡುವೆಯೇ ಹೆಚ್ಚು ಇದೆ. ಪುಕಾಕಿ ಸರೋವರದ ದಂಡೆಯ ಮೇಲೆ 80ನೇ ಸಂಖ್ಯೆಯ ಹೆದ್ದಾರಿ ಸುಮಾರು 55 ಕಿ.ಮೀ. ಸಾಗಿ ಅವೊರಾಕಿ ಮೌಂಟ್ ಕುಕ್ ಹಳ್ಳಿಯನ್ನು ಮುಟ್ಟುತ್ತದೆ. ಆ ದಾರಿಯುದ್ದಕ್ಕೂ 3,724 ಮೀಟರ್ ಎತ್ತರದ ಶಿಖರ ಎದುರಿಗೇ ಇರುತ್ತದೆ, ಮೋಡ ಸರಿದಾಗ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಮೋಡ ಸರಿಯುವವರೆಗೆ ಅರ್ಧ ಗಂಟೆ ಸುಮ್ಮನೆ ಕಾಯುವ ಸ್ವಾತಂತ್ರ್ಯ ಸ್ವಂತ ಕಾರಿನಲ್ಲಿ ಹೋದವರಿಗಷ್ಟೇ ಸಿಗುತ್ತದೆ. ಹೊಸದಾಗಿ ಮದುವೆಯಾದ ಇಬ್ಬರಿಗೆ ಆ ಅರ್ಧ ಗಂಟೆ ಬೇಕು ಎಂಬುದು ನನ್ನ ಅಭಿಪ್ರಾಯ.

ಎಷ್ಟು ದಿನ ಬೇಕು, ಯಾವ ದಾರಿಯಲ್ಲಿ ಹೋಗಬೇಕು?

ಹದಿನಾಲ್ಕು ರಾತ್ರಿಗಳಿದ್ದರೆ ದ್ವೀಪದ ಮಧ್ಯ ಮತ್ತು ದಕ್ಷಿಣ ಭಾಗವನ್ನು ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಹಿಂತಿರುಗಬಹುದು. ಕ್ರೈಸ್ಟ್‌ಚರ್ಚ್‌ನಲ್ಲಿ ಒಂದು ರಾತ್ರಿ ಕಳೆದು, ಟೆಕಾಪೊದಲ್ಲಿ ಎರಡು ರಾತ್ರಿ ಇದ್ದು ಅಲ್ಲಿಂದಲೇ ಮೌಂಟ್ ಕುಕ್‌ಗೆ ಹೋಗಿ ಬಂದು, ಲಿಂಡಿಸ್ ಪಾಸ್ ದಾಟಿ ಕ್ವೀನ್ಸ್‌ಟೌನ್‌ನಲ್ಲಿ ಮೂರು ರಾತ್ರಿ, ಟೆ ಆನೌನಲ್ಲಿ ಎರಡು, ವಾನಾಕಾದಲ್ಲಿ ಎರಡು, ಪಶ್ಚಿಮ ಕರಾವಳಿಯ ಹಿಮನದಿಗಳ ಊರಾದ ಫ್ರಾಂಝ್ ಜೋಸೆಫ್ ಅಥವಾ ಫಾಕ್ಸ್‌ನಲ್ಲಿ ಎರಡು, ಹೊಕಿಟಿಕಾದಲ್ಲಿ ಒಂದು, ಕೊನೆಗೆ ಆರ್ಥರ್ಸ್ ಪಾಸ್ ಮೂಲಕ ಬೆಟ್ಟಸಾಲನ್ನು ದಾಟಿ ಮತ್ತೆ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದು ರಾತ್ರಿ ಎಂದು ಯೋಜಿಸಿದರೆ ಒಟ್ಟು ಸುಮಾರು 2,000 ಕಿ.ಮೀ. ಆಗುತ್ತದೆ. ಹತ್ತೇ ರಾತ್ರಿಗಳಿದ್ದರೆ ಎಲ್ಲ ಕಡೆಯೂ ಒಂದೊಂದು ರಾತ್ರಿ ಕತ್ತರಿಸುವ ಬದಲು ಪಶ್ಚಿಮ ಕರಾವಳಿಯನ್ನು ಪೂರ್ತಿ ಬಿಟ್ಟು, ಕ್ವೀನ್ಸ್‌ಟೌನ್‌ನಲ್ಲಿಯೇ ಕಾರು ಒಪ್ಪಿಸಿ ವಿಮಾನ ಹತ್ತುವುದು ಒಳ್ಳೆಯದು. ಒಂದು ಊರಿನಲ್ಲಿ ಪಡೆದ ಕಾರನ್ನು ಇನ್ನೊಂದು ಊರಿನಲ್ಲಿ ಬಿಡಲು ಕೆಲವು ಕಂಪನಿಗಳು ಪ್ರತ್ಯೇಕ ಶುಲ್ಕ ಪಡೆಯುತ್ತವೆ. ಕಾಯ್ದಿರಿಸುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ.

ಉತ್ತರ ದ್ವೀಪವನ್ನೂ ಸೇರಿಸಿಕೊಳ್ಳಬಹುದೇ?

ಎರಡು ವಾರಗಳಲ್ಲಿ ಬೇಡ. ಪಿಕ್ಟನ್‌ನಿಂದ ವೆಲಿಂಗ್ಟನ್‌ಗೆ ಹಡಗಿನ ಪಯಣವೇ ಮೂರು ಗಂಟೆಗೂ ಹೆಚ್ಚು. ಹತ್ತುವ, ಇಳಿಯುವ ಹೊತ್ತನ್ನು ಕೂಡಿಸಿದರೆ ಒಂದು ದಿನ ಹೋದಂತೆಯೇ.

ನಕ್ಷೆಯ ಆ್ಯಪ್ ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆಯಲ್ಲಿ ತಲುಪುತ್ತೇವೆಯೇ?

ತಲುಪುವುದಿಲ್ಲ. ಆ್ಯಪ್ ಹೇಳುವುದು ಎಲ್ಲಿಯೂ ನಿಲ್ಲದೆ, ಆ ರಸ್ತೆಯ ಪರಿಚಯವಿರುವವರು ಓಡಿಸಿದರೆ ಆಗುವ ಸಮಯವನ್ನು. ಊರ ಹೊರಗಿನ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 100 ಕಿ.ಮೀ. ವೇಗಮಿತಿ ಇರುತ್ತದಾದರೂ ಬಹುತೇಕ ಕಡೆ ಹೋಗಲು ಒಂದು, ಬರಲು ಒಂದು ಪಥ ಮಾತ್ರ. ಬೆಟ್ಟದ ತಿರುವುಗಳಲ್ಲಿ ಆ ವೇಗವನ್ನು ಮುಟ್ಟಲೂ ಬಾರದು, ಮುಟ್ಟಲು ಆಗುವುದೂ ಇಲ್ಲ. ತಿರುವಿಗೆ ಮೊದಲು ಹಳದಿ ಫಲಕದ ಮೇಲೆ 35, 45 ಎಂದು ಬರೆದಿರುವುದು ಆ ತಿರುವಿಗೆ ಸೂಚಿಸಿದ ವೇಗ. ಅದನ್ನು ಗೌರವಿಸಿ.

ನಮಗೆ ಇದು ಅರ್ಥವಾದದ್ದು ವಾನಾಕಾದಿಂದ ಫ್ರಾಂಝ್ ಜೋಸೆಫ್‌ಗೆ ಹೋದ ದಿನ. ದೂರ ಸುಮಾರು 285 ಕಿ.ಮೀ., ಆ್ಯಪ್ ತೋರಿಸಿದ್ದು ನಾಲ್ಕು ಗಂಟೆ. ಬೆಳಗಿನ ಕಾಫಿ ಮುಗಿಸಿ ನಿಧಾನವಾಗಿ ಹನ್ನೊಂದಕ್ಕೆ ಹೊರಟೆವು. ಹಾವಿಯಾ ಸರೋವರದ ಬಳಿ ನಿಂತೆವು, ಹಾಸ್ಟ್ ಪಾಸ್‌ನ ಜಲಪಾತಗಳ ಬಳಿ ನಿಂತೆವು, ಕಡಲು ಮೊದಲ ಸಲ ಕಂಡಾಗ ಮತ್ತೆ ನಿಂತೆವು. ಏಪ್ರಿಲ್ ಕೊನೆಯಲ್ಲಿ ಅಲ್ಲಿ ಸಂಜೆ ಆರರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಉಳಿದ ದಾರಿ ಪೂರ್ತಿ ಕತ್ತಲು, ಬೀದಿದೀಪವಿಲ್ಲ, ಎರಡೂ ಬದಿ ದಟ್ಟ ಮಳೆಕಾಡು, ರಸ್ತೆಯ ನಡುವೆ ದೀಪದ ಬೆಳಕಿಗೆ ಕಣ್ಣು ಹೊಳೆಸುತ್ತ ನಿಂತುಬಿಡುವ, ಪಾಸಮ್ ಎಂಬ ಬೆಕ್ಕಿನ ಗಾತ್ರದ ನಿಶಾಚರ ಪ್ರಾಣಿಗಳು. ನನ್ನ ಪತಿ ಐವತ್ತರ ವೇಗ ದಾಟಲಿಲ್ಲ, ನಾನು ಒಂದು ಮಾತೂ ಆಡಲಿಲ್ಲ. ವಸತಿಗೃಹ ಮುಟ್ಟಿದಾಗ ಕಚೇರಿಯ ಬಾಗಿಲು ಹಾಕಿತ್ತು. ನಮ್ಮ ಹೆಸರು ಬರೆದ ಒಂದು ಲಕೋಟೆಯಲ್ಲಿ ಕೀಲಿ ಇಟ್ಟು ಬಾಗಿಲ ಪಕ್ಕ ಸಿಕ್ಕಿಸಿ ಹೋಗಿದ್ದರು. ಊಟದ ಹೋಟೆಲುಗಳೂ ಮುಚ್ಚುವ ಹೊತ್ತಾಗಿತ್ತು. ಹೀಗೆ ಒಂದಿಡೀ ಸಂಜೆಯನ್ನು ನಾವು ಕಳೆದುಕೊಂಡೆವು.

ಆದ್ದರಿಂದ ಆ್ಯಪ್ ತೋರಿಸಿದ ಸಮಯವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ತಲುಪುವಂತೆ ಹೊರಡಿ. ನಾಲ್ಕು ಗಂಟೆಗಿಂತ ಹೆಚ್ಚು ಚಾಲನೆ ಇರುವ ದಿನಗಳು ಇಡೀ ಪ್ರವಾಸದಲ್ಲಿ ಎರಡಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಬೇಸಿಗೆ. ದ್ವೀಪದ ದಕ್ಷಿಣದಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಆದರೆ ಜನಸಂದಣಿಯೂ ಬಾಡಿಗೆಯೂ ಹೆಚ್ಚು. ನವೆಂಬರ್ ಮಧ್ಯದಿಂದ ಡಿಸೆಂಬರ್‌ವರೆಗೆ ಟೆಕಾಪೊ ಸುತ್ತ ಲೂಪಿನ್ ಹೂಗಳು ನೇರಳೆ, ಗುಲಾಬಿ ಬಣ್ಣದಲ್ಲಿ ಅರಳುತ್ತವೆ. ನೋಡಲು ಎಷ್ಟು ಚೆಂದವಾದರೂ ಅದು ಅಲ್ಲಿನ ಮೂಲ ಗಿಡಗಳಿಗೆ ಕುತ್ತು ತಂದಿರುವ ಹೊರಗಿನ ಕಳೆ, ಅದರ ಬೀಜ ತರುವುದಾಗಲಿ ಚೆಲ್ಲುವುದಾಗಲಿ ಬೇಡ. ನನ್ನ ಆಯ್ಕೆ ಮಾರ್ಚ್ ಮತ್ತು ಏಪ್ರಿಲ್. ಆಗ ವಾನಾಕಾ, ಆರೋಟೌನ್ ಕಡೆ ಮರಗಳು ಹೊಂಬಣ್ಣಕ್ಕೆ ತಿರುಗಿರುತ್ತವೆ, ರಸ್ತೆಗಳೂ ಖಾಲಿ. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ ಬೆಟ್ಟದ ರಸ್ತೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ನೆರಳಿನ ತಿರುವುಗಳಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ. ಹಿಮದ ಮೇಲೆ ಕಾರು ಓಡಿಸಿ ಅಭ್ಯಾಸವಿಲ್ಲದವರಿಗೆ ಆ ತಿಂಗಳುಗಳನ್ನು ನಾನು ಸೂಚಿಸಲಾರೆ.

ನಮ್ಮ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆಯೇ?

ಚಾಲ್ತಿಯಲ್ಲಿರುವ, ಇಂಗ್ಲಿಷಿನಲ್ಲಿರುವ ವಿದೇಶಿ ಪರವಾನಗಿಯನ್ನು ಪ್ರವಾಸಿಗರು ಬಳಸಬಹುದು. ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಮಾನ್ಯತೆಯುಳ್ಳ ಅನುವಾದವನ್ನಾಗಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನಾಗಲಿ ಜೊತೆಗಿಟ್ಟುಕೊಳ್ಳಬೇಕು. ಅಂತರರಾಷ್ಟ್ರೀಯ ಪರವಾನಗಿ ಇದ್ದರೂ ಮೂಲ ಪರವಾನಗಿ ಕೈಯಲ್ಲಿರಲೇಬೇಕು, ಏಕೆಂದರೆ ವಾಹನ ಓಡಿಸುವಾಗ ಅದನ್ನು ಇಟ್ಟುಕೊಂಡಿರುವುದು ಕಡ್ಡಾಯ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಿಕೊಂಡವರು ಪರವಾನಗಿ, ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡ್ ಈ ಮೂರರಲ್ಲಿಯೂ ಒಂದೇ ಹೆಸರಿದೆಯೇ ಎಂದು ನೋಡಿಕೊಳ್ಳಿ. ಕಾರು ಪಡೆಯುವ ಮೇಜಿನ ಮುಂದೆ ಹೆಸರು ಹೊಂದದಿದ್ದರೆ ಮಾತು ಬೆಳೆಯುತ್ತದೆ. ಕಂಪನಿಗಳು ಹೆಚ್ಚಾಗಿ 21 ವರ್ಷ ಮೀರಿದವರಿಗೆ ಕಾರು ಕೊಡುತ್ತವೆ, ಕೆಲವು 25 ವರ್ಷ ಕೇಳುತ್ತವೆ.

ಎಂಥ ಕಾರು ಸಾಕು?

ಇಬ್ಬರಿಗೆ ಸಾಧಾರಣ ಗಾತ್ರದ ಆಟೋಮ್ಯಾಟಿಕ್ ಕಾರು ಧಾರಾಳವಾಗಿ ಸಾಕು. ಮೇಲೆ ಹೇಳಿದ ಸುತ್ತಿನ ಹೆದ್ದಾರಿಗಳೆಲ್ಲ ಡಾಂಬರು ಹಾಕಿದವು, ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ದೊಡ್ಡ ವಾಹನ ಬೇಕಿಲ್ಲ. ಎರಡೂ ಪೆಟ್ಟಿಗೆಗಳು ಡಿಕ್ಕಿಯೊಳಗೆ ಮುಚ್ಚಿಡುವಂತೆ ಹಿಡಿಯಬೇಕು ಎಂಬುದೊಂದನ್ನು ಮಾತ್ರ ಗಮನಿಸಿ. ನಡಿಗೆದಾರಿಗಳ ಆರಂಭದಲ್ಲಿ ಕಾರು ನಿಲ್ಲಿಸಿ ಹೋದಾಗ ಹಿಂದಿನ ಸೀಟಿನಲ್ಲಿ ಕಾಣುವಂತೆ ಚೀಲ ಬಿಟ್ಟರೆ ಗಾಜು ಒಡೆದು ಕದಿಯುವವರು ಅಲ್ಲಿಯೂ ಇದ್ದಾರೆ. ಡೀಸೆಲ್ ವಾಹನಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ಬಳಕೆ ಶುಲ್ಕವಿದೆ, 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳಿಗೂ ಅನ್ವಯವಾಗಿದೆ. ಬಾಡಿಗೆಯಲ್ಲಿ ಅದು ಸೇರಿದೆಯೋ ಇಲ್ಲವೋ ಕೇಳಿ. ದಕ್ಷಿಣ ದ್ವೀಪದಲ್ಲಿ ಟೋಲ್ ರಸ್ತೆಗಳಿಲ್ಲ.

ವಿಮೆಯ ವಿಷಯದಲ್ಲಿ ಏನನ್ನು ಗಮನಿಸಬೇಕು?

ನ್ಯೂಜಿಲೆಂಡಿನಲ್ಲಿ ವಾಹನಕ್ಕೆ ಮೂರನೆಯವರ ವಿಮೆ ಕಾನೂನಿನಂತೆ ಕಡ್ಡಾಯವಲ್ಲ. ಆದ್ದರಿಂದ ಕಾರಿಗೆ ವಿಮೆ ಹೇಗೂ ಇರುತ್ತದೆ ಎಂಬ ನಂಬಿಕೆಯಲ್ಲಿ ಸಹಿ ಹಾಕದೆ, ಒಪ್ಪಂದ ಓದಿ. ಅದರಲ್ಲಿ ಎಕ್ಸೆಸ್ ಎಂಬ ಮೊತ್ತವಿರುತ್ತದೆ. ಹಾನಿಯಾದಾಗ ಅಷ್ಟರವರೆಗಿನ ಹಣವನ್ನು ನಾವೇ ಕಟ್ಟಬೇಕು, ಮತ್ತು ಅದು ಸಾವಿರಾರು ಡಾಲರ್ ಇರಬಹುದು. ದಿನಕ್ಕಿಷ್ಟು ಹೆಚ್ಚುವರಿ ಕೊಟ್ಟರೆ ಆ ಮೊತ್ತ ಇಳಿಯುತ್ತದೆ. ನನ್ನ ಸಲಹೆ, ಮಧುಚಂದ್ರದ ಪ್ರವಾಸದಲ್ಲಿ ಈ ಹೆಚ್ಚುವರಿಯನ್ನು ಉಳಿಸಲು ಹೋಗಬೇಡಿ. ಒಂದು ಸಣ್ಣ ಗೀರು ಬಿದ್ದ ದಿನ, ಯಾರ ತಪ್ಪು ಎಂಬ ಮಾತು ಇಬ್ಬರ ನಡುವೆ ಏಳದಿರುವುದಕ್ಕೆ ಅಷ್ಟು ಹಣ ಕೊಡಬಹುದು.

ಟೈರು, ಗಾಜು, ಕಾರಿನ ಅಡಿಭಾಗ ಮತ್ತು ಮೇಲ್ಛಾವಣಿ ವಿಮೆಯೊಳಗೆ ಬರುತ್ತವೆಯೇ ಎಂದು ಬಿಡಿಬಿಡಿಯಾಗಿ ಕೇಳಿ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ಕಣಿವೆಯ ರಸ್ತೆಯಂತಹ ಕೆಲವು ದಾರಿಗಳಲ್ಲಿ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ನಡೆಯುವುದಿಲ್ಲ. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದ್ದರೆ, ಕುಡಿದು ಓಡಿಸಿದ್ದರೆ ವಿಮೆ ಇದ್ದೂ ಇಲ್ಲದಂತೆ.

ರಸ್ತೆಯ ನಿಯಮಗಳಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನಿದೆ?

ವಾಹನಗಳು ಎಡಬದಿಯಲ್ಲಿ ಸಾಗುತ್ತವೆ, ಸ್ಟೇರಿಂಗ್ ಬಲಕ್ಕಿರುತ್ತದೆ. ಬಲಬದಿಯ ಚಾಲನೆಗೆ ಒಗ್ಗಿದವರು ತಪ್ಪುವುದು ಹೆಚ್ಚಾಗಿ ಫೋಟೋ ತೆಗೆಯಲು ನಿಂತು, ಖಾಲಿ ರಸ್ತೆಗೆ ಮರಳಿ ಇಳಿಯುವ ಗಳಿಗೆಯಲ್ಲಿ. ಎದುರಿಗೆ ವಾಹನವೇ ಇಲ್ಲದಿರುವಾಗ ನೆನಪಿಸುವುದಕ್ಕೆ ಯಾವುದೂ ಇರುವುದಿಲ್ಲ. ಪಕ್ಕದಲ್ಲಿ ಕುಳಿತವರು ಪ್ರತಿ ಸಲವೂ ‘ಎಡಕ್ಕೆ’ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಳ್ಳಿ.

ವೃತ್ತಗಳಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಸ್ಟಾಪ್ ಎಂದಿರುವಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ನಿಧಾನಿಸಿದರೆ ಸಾಲದು. ಕೆಂಪು ದೀಪವಿರುವಾಗ ಎಡಕ್ಕೂ ತಿರುಗುವಂತಿಲ್ಲ. ರಸ್ತೆಯ ನಡುವೆ ನಿಮ್ಮ ಬದಿಗೆ ಅಖಂಡ ಹಳದಿ ಗೆರೆ ಇದ್ದರೆ ಓವರ್‌ಟೇಕ್ ಮಾಡಬಾರದು. ಹಿಂದೆ ವಾಹನಗಳು ಸಾಲುಗಟ್ಟಿದರೆ ಸುರಕ್ಷಿತ ಜಾಗ ನೋಡಿ ಬದಿಗೆ ಸರಿದು ಅವರನ್ನು ಮುಂದೆ ಬಿಡುವುದು ಅಲ್ಲಿನ ಶಿಷ್ಟಾಚಾರ. ಹೀಗೆ ಬಿಟ್ಟಾಗ ನಮಗೂ ಹಿಂದಿನವರ ಒತ್ತಡವಿಲ್ಲದೆ ಓಡಿಸುವ ನೆಮ್ಮದಿ.

ಎಲ್ಲಕ್ಕಿಂತ ಹೊಸದೆನಿಸುವುದು ಒಂದೇ ಪಥದ ಸೇತುವೆಗಳು. ಹೆದ್ದಾರಿಯ ಮೇಲೆಯೇ, ಪಶ್ಚಿಮ ಕರಾವಳಿಯಲ್ಲಂತೂ ಒಂದರ ಹಿಂದೆ ಒಂದರಂತೆ ಬರುತ್ತವೆ. ಸೇತುವೆಗೆ ಮೊದಲು ಎರಡು ಬಾಣಗಳ ಫಲಕವಿರುತ್ತದೆ. ಕೆಂಪು ಅಂಚಿನ ದುಂಡು ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ಎದುರಿನವರು ದಾಟುವವರೆಗೆ ನೀವು ಕಾಯಬೇಕು. ನೀಲಿ ಚೌಕದಲ್ಲಿ ನಿಮ್ಮ ದಿಕ್ಕಿಗೆ ದೊಡ್ಡ ಬಿಳಿ ಬಾಣವಿದ್ದರೆ ಮೊದಲ ಹಕ್ಕು ನಿಮ್ಮದು. ಆದರೂ ಎದುರಿನವರು ಆಗಲೇ ಸೇತುವೆಯ ಮೇಲಿದ್ದರೆ ನಿಂತುಬಿಡಿ. ನಮ್ಮ ಕಾರಿನಲ್ಲಿ ನನ್ನ ಪತಿ ಓಡಿಸುವಾಗ ಫಲಕ ಓದುವ ಕೆಲಸ ನನ್ನದಾಗಿತ್ತು. ‘ಕೆಂಪು ನಮ್ಮದು’ ಎಂದರೆ ಅವರು ಬ್ರೇಕ್ ಒತ್ತುತ್ತಿದ್ದರು, ‘ನೀಲಿ’ ಎಂದರೂ ನಿಧಾನವಾಗಿಯೇ ಏರುತ್ತಿದ್ದರು. ದಾಟಿದ ಮೇಲೆ ಕಾಯುತ್ತಿದ್ದವರಿಗೆ ಕೈಯೆತ್ತಿದರೆ ಅವರೂ ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಿದ್ದರು.

ಮದ್ಯದ ಮಿತಿ 20 ವರ್ಷ ತುಂಬಿದವರಿಗೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ, ಅದಕ್ಕಿಂತ ಕಿರಿಯರಿಗೆ ಸೊನ್ನೆ. ದ್ರಾಕ್ಷಾರಸದ ತೋಟಗಳಿಗೆ ಹೋಗುವ ದಿನ ಕಾರನ್ನು ವಸತಿಗೃಹದಲ್ಲಿಯೇ ಬಿಡಿ.

ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಮಿಲ್‌ಫರ್ಡ್ ಸೌಂಡ್‌ಗೆ ಹೋಗಿ ಬರಬಹುದೇ?

ಬರುವವರಿದ್ದಾರೆ, ನೀವು ಮಾಡಬೇಡಿ. ಕಡಿದಾದ ಬೆಟ್ಟಗಳ ನಡುವೆ ಕಡಲು ಒಳಚಾಚಿರುವ ಜಾಗವಾದ ಮಿಲ್‌ಫರ್ಡ್ ಸೌಂಡ್‌ಗೆ ಒಂದು ಕಡೆಗೆ ಸುಮಾರು 290 ಕಿ.ಮೀ., ಅಂದರೆ ಎಲ್ಲಿಯೂ ನಿಲ್ಲದಿದ್ದರೂ ಹೋಗಿ ಬರಲು ಎಂಟು ಗಂಟೆ. ಟೆ ಆನೌನಲ್ಲಿ ಎರಡು ರಾತ್ರಿ ಉಳಿದರೆ ಅಲ್ಲಿಂದ ಮಿಲ್‌ಫರ್ಡ್‌ಗೆ ಸುಮಾರು 120 ಕಿ.ಮೀ. ಮಾತ್ರ. ಆ 94ನೇ ಹೆದ್ದಾರಿಯೇ ನೋಡಬೇಕಾದ ಜಾಗ, ಅದನ್ನು ಅವಸರದಲ್ಲಿ ದಾಟುವುದು ನ್ಯಾಯವಲ್ಲ. ಹೊರಡುವ ಮೊದಲು ಟೆ ಆನೌನಲ್ಲಿಯೇ ಟ್ಯಾಂಕ್ ತುಂಬಿಸಿ. ದಾರಿಯ ಬಹುಪಾಲು ಮೊಬೈಲ್ ಸಂಪರ್ಕ ಸಿಗುವುದಿಲ್ಲ.

ಕೊನೆಯಲ್ಲಿ ಹೋಮರ್ ಸುರಂಗ ಬರುತ್ತದೆ. 1935ರಲ್ಲಿ ಕೊರೆಯಲು ಆರಂಭಿಸಿ 1954ರಲ್ಲಿ ಸಂಚಾರಕ್ಕೆ ತೆರೆದ, 1.2 ಕಿ.ಮೀ. ಉದ್ದದ, ಬಂಡೆ ಹಾಗೆಯೇ ಕಾಣುವ ಸುರಂಗವಿದು. ಮಿಲ್‌ಫರ್ಡ್ ಕಡೆಗೆ ಕಡಿದಾಗಿ ಇಳಿಯುತ್ತದೆ. ಬೇಸಿಗೆಯ ದಟ್ಟಣೆಯಲ್ಲಿ ದೀಪದ ಸೂಚನೆಯಂತೆ ಒಂದೊಂದು ದಿಕ್ಕಿನವರನ್ನು ಬಿಡುತ್ತಾರೆ. ಕಾಯುವಾಗ ಕೀಆ ಎಂಬ ಬೆಟ್ಟದ ಹಸಿರು ಗಿಳಿಗಳು ಕಾರಿನ ಮೇಲೆ ಬಂದು ಕೂರುತ್ತವೆ. ನಮ್ಮ ಕಾರಿನ ಮೇಲೆ ಕುಳಿತದ್ದು ಮುಂದಿನ ಗಾಜಿನ ಅಂಚಿನ ರಬ್ಬರನ್ನು ಕೊಕ್ಕಿನಲ್ಲಿ ಹಿಡಿದು, ಒಂದು ಕಾಲೂರಿ, ದಾರ ಎಳೆಯುವಂತೆ ಎಳೆಯತೊಡಗಿತ್ತು. ರೆಕ್ಕೆ ಬಿಚ್ಚಿದಾಗ ಒಳಗೆ ಕೆಂಡದಂತಹ ಕಿತ್ತಳೆ ಬಣ್ಣ. ಅವುಗಳಿಗೆ ತಿನ್ನಲು ಏನನ್ನೂ ಕೊಡಬೇಡಿ, ಅವು ಸಂಖ್ಯೆ ಕುಸಿಯುತ್ತಿರುವ, ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿಗಳು.

ಮೇ ತಿಂಗಳಿನಿಂದ ನವೆಂಬರ್‌ವರೆಗೆ ಈ ದಾರಿಯಲ್ಲಿ ಹಿಮಕುಸಿತದ ಅಪಾಯವಿದ್ದು, ಫಲಕ ಹಾಕಿರುವ ದಿನ ಟೈರಿಗೆ ಕಟ್ಟುವ ಸರಪಳಿ ಇಲ್ಲದೆ ಹೋಗುವಂತಿಲ್ಲ.

ಮಳೆ ಬಂದರೆ ಪ್ರವಾಸ ಹಾಳಾಗುವುದಿಲ್ಲವೇ?

ಮಿಲ್‌ಫರ್ಡ್‌ನಲ್ಲಿ ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆ ಬಂದ ದಿನವೇ ಅಲ್ಲಿನ ಕಲ್ಲುಗೋಡೆಗಳ ಮೇಲಿಂದ ನೂರಾರು ಜಲಪಾತಗಳು ಇಳಿಯುತ್ತವೆ, ಬಿಸಿಲಿನ ದಿನ ಹೋದವರಿಗೆ ಅವುಗಳಲ್ಲಿ ಕೆಲವು ಮಾತ್ರ ಕಾಣುತ್ತವೆ. ಹಾಗಾಗಿ ಮಳೆಯ ಅಂಗಿ ಇಟ್ಟುಕೊಂಡು ದೋಣಿ ಹತ್ತಿ.

ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ರಸ್ತೆ ಮುಚ್ಚುವ ಸಾಧ್ಯತೆಯನ್ನು. ಪಶ್ಚಿಮ ಕರಾವಳಿಯ 6ನೇ ಹೆದ್ದಾರಿಗೆ ಸಮಾನಾಂತರವಾಗಿ ಬೇರೆ ರಸ್ತೆಯಿಲ್ಲ. 2019ರ ಮಾರ್ಚ್‌ನಲ್ಲಿ ಫ್ರಾಂಝ್ ಜೋಸೆಫ್ ಬಳಿ ವೈಹೊ ನದಿಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋದಾಗ ಎರಡು ವಾರಗಳಿಗೂ ಹೆಚ್ಚು ಕಾಲ ಆ ದಾರಿ ಕಡಿದುಹೋಗಿತ್ತು. ಪ್ರತಿದಿನ ಬೆಳಿಗ್ಗೆ ಅಲ್ಲಿನ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ರಸ್ತೆಯ ಸ್ಥಿತಿ ನೋಡಿ. ಕೊನೆಯ ವಿಮಾನಕ್ಕೂ ಕರಾವಳಿಯ ದಿನಗಳಿಗೂ ನಡುವೆ ಒಂದು ದಿನ ಖಾಲಿ ಇಡಿ. ಮೇಲಿನ ಯೋಜನೆಯಲ್ಲಿ ಕೊನೆಯ ರಾತ್ರಿಯನ್ನು ಕ್ರೈಸ್ಟ್‌ಚರ್ಚ್‌ಗೆ ಇಟ್ಟಿರುವುದು ಅದಕ್ಕಾಗಿಯೇ. ಪ್ರದೇಶದ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಟ್ಟುಕೊಳ್ಳಿ. ಸೊಳ್ಳೆಗಿಂತ ಚಿಕ್ಕದಾದ ಸ್ಯಾಂಡ್‌ಫ್ಲೈ ನೊಣಗಳು ಈ ಕರಾವಳಿಯಲ್ಲಿ ತುಂಬ ಕಚ್ಚುತ್ತವೆ, ಅದಕ್ಕೆ ಹಚ್ಚುವ ಔಷಧಿಯೂ ಇರಲಿ.

ಒಳಗೇ ಮಲಗಬಹುದಾದ ಕ್ಯಾಂಪರ್‌ವ್ಯಾನ್ ತೆಗೆದುಕೊಂಡರೆ ವಸತಿಯ ಖರ್ಚು ಉಳಿಯುವುದಿಲ್ಲವೇ?

ಸ್ವಲ್ಪ ಉಳಿಯಬಹುದು, ಆದರೆ ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಬಹುದೆಂಬ ಕಲ್ಪನೆ ಬಿಡಿ. 2023ರ ಕಾನೂನು ಇಂಥ ವಾಹನಗಳ ನಿಯಮಗಳನ್ನು ಬಿಗಿಗೊಳಿಸಿದ್ದು, ಸ್ವಯಂಪೂರ್ಣ ವಾಹನ ಎನಿಸಿಕೊಳ್ಳಲು ಒಳಗೆ ಸ್ಥಿರವಾಗಿ ಜೋಡಿಸಿದ ಶೌಚಾಲಯವಿರಬೇಕು. ಅನುಮತಿಯಿಲ್ಲದ ಜಾಗದಲ್ಲಿ ತಂಗಿದರೆ ದಂಡವಿದೆ. ದೊಡ್ಡ ವಾಹನವನ್ನು ಗಾಳಿ ಬೀಸುವ ಬೆಟ್ಟದ ದಾರಿಯಲ್ಲಿ ಮೊದಲ ಬಾರಿಗೆ ಓಡಿಸುವುದೂ ದಣಿಸುತ್ತದೆ. ಒಂದೆರಡು ಬಾರಿ ಕ್ಯಾಂಪಿಂಗ್ ಮಾಡಿ ಇಬ್ಬರಿಗೂ ಇಷ್ಟವಾಗಿದ್ದರೆ ಮಾತ್ರ ಇದನ್ನು ಆರಿಸಿ.

ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾರು ಓಡಿಸಲು ಬಂದರೆ?

ಹೋಗಬಹುದು, ಆದರೆ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಚಾಲನೆ ಇಡಬೇಡಿ, ಮತ್ತು ಎರಡು ದಿನಕ್ಕೊಮ್ಮೆಯಾದರೂ ಕಾರನ್ನು ಮುಟ್ಟದ ದಿನವಿರಲಿ. ಇಬ್ಬರಿಗೂ ಬರುವುದಾದರೆ ಶುಲ್ಕ ಕೊಟ್ಟಾದರೂ ಇಬ್ಬರ ಹೆಸರನ್ನೂ ಒಪ್ಪಂದದಲ್ಲಿ ಬರೆಸಿ. ಓಡಿಸುವವರ ಕಣ್ಣು ರಸ್ತೆಯ ಮೇಲಿರುತ್ತದೆ, ಸರೋವರ ಕಾಣುವುದು ಪಕ್ಕದಲ್ಲಿ ಕುಳಿತವರಿಗೆ. ನಾವು ಪ್ರತಿ ಗಂಟೆಗೊಮ್ಮೆ ಸ್ಥಾನ ಬದಲಾಯಿಸುತ್ತಿದ್ದೆವು, ಕ್ವೀನ್ಸ್‌ಟೌನ್ ಮತ್ತು ವಾನಾಕಾ ನಡುವಿನ ಕ್ರೌನ್ ರೇಂಜ್ ರಸ್ತೆಯಲ್ಲಿ ಮಾತ್ರ ಬೇಗನೆ ಬದಲಾಯಿಸಿದೆವು. ಸಾವಿರ ಮೀಟರಿಗೂ ಹೆಚ್ಚಿನ ಎತ್ತರಕ್ಕೆ ಏರುವ ಆ ದಾರಿಯ ತುದಿಯ ನೋಟವನ್ನು ಇಬ್ಬರೂ ನೋಡಬೇಕೆಂದಿತ್ತು.

ದೀರ್ಘ ವಿಮಾನ ಪಯಣದ ನಂತರ ಇಳಿದ ದಿನವೇ ಕಾರು ತೆಗೆದುಕೊಳ್ಳಬೇಡಿ. ಮೊದಲ ರಾತ್ರಿ ಊರಿನಲ್ಲಿ ನಿದ್ದೆ ಮಾಡಿ, ಮರುದಿನ ಕಾರು ಪಡೆಯಿರಿ.

ಯಾವುದನ್ನು ಮೊದಲೇ ಕಾಯ್ದಿರಿಸಬೇಕು, ಯಾವುದನ್ನು ಬಿಡಬಹುದು?

ಕಾರು, ಮೌಂಟ್ ಕುಕ್ ಮತ್ತು ಟೆಕಾಪೊ ಕಡೆಯ ಕೋಣೆಗಳು, ಟೆ ಆನೌ ವಸತಿ ಇವನ್ನು ಬೇಸಿಗೆಗಾದರೆ ತಿಂಗಳುಗಳ ಮೊದಲೇ ಕಾಯ್ದಿರಿಸಿ, ಏಕೆಂದರೆ ಅವು ಚಿಕ್ಕ ಊರುಗಳು. ಹೆಲಿಕಾಪ್ಟರ್, ನಕ್ಷತ್ರ ವೀಕ್ಷಣೆಯಂತಹವು ಹವಾಮಾನವನ್ನು ಅವಲಂಬಿಸಿರುವುದರಿಂದ ಎರಡು ರಾತ್ರಿ ಉಳಿಯುವ ಊರಿನಲ್ಲಿ ಮೊದಲ ದಿನಕ್ಕೆ ಇಟ್ಟುಕೊಂಡರೆ ರದ್ದಾದರೂ ಮರುದಿನ ಉಳಿದಿರುತ್ತದೆ. ಟೆಕಾಪೊ ಸುತ್ತಲಿನ ಪ್ರದೇಶ 2012ರಿಂದ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕತ್ತಲಾಕಾಶದ ರಕ್ಷಿತ ತಾಣ. ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿರುವಂತೆ ದಿನಾಂಕ ಹೊಂದಿಸಿಕೊಂಡರೆ, ಹಣ ಕೊಡದೆಯೇ, ಕೋಣೆಯ ಬಾಗಿಲಾಚೆ ಕಂಬಳಿ ಹೊದ್ದು ಕುಳಿತು ಆಕಾಶಗಂಗೆಯನ್ನು ದಿಗಂತದಿಂದ ದಿಗಂತಕ್ಕೆ ನೋಡಬಹುದು.

ಅಪಘಾತವಾದರೆ ಅಥವಾ ಕಾಯಿಲೆಯಾದರೆ?

ತುರ್ತು ಸಂಖ್ಯೆ 111. ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸಾ ವೆಚ್ಚಕ್ಕೆ ಆ ದೇಶದ ಸರ್ಕಾರಿ ಅಪಘಾತ ಪರಿಹಾರ ಯೋಜನೆ ಪ್ರವಾಸಿಗರಿಗೂ ನೆರವಾಗುತ್ತದೆ, ತಪ್ಪು ಯಾರದೆಂದು ನೋಡುವುದಿಲ್ಲ. ಆದರೆ ಜ್ವರ, ಹೊಟ್ಟೆನೋವು ಮುಂತಾದ ಕಾಯಿಲೆಗಳಿಗಾಗಲಿ, ತಪ್ಪಿದ ವಿಮಾನಕ್ಕಾಗಲಿ ಅದು ಅನ್ವಯಿಸದು. ಪ್ರವಾಸ ವಿಮೆ ಬೇಕೇ ಬೇಕು.

ಕಾರು ಹಿಂತಿರುಗಿಸುವಾಗ ಏನು ಮಾಡಬೇಕು?

ಇದರ ಕೆಲಸ ಕಾರು ಪಡೆಯುವ ದಿನವೇ ಆರಂಭವಾಗುತ್ತದೆ. ಅಂದು ಕಾರಿನ ಸುತ್ತ ನಡೆದು ಬಾಗಿಲ ಅಂಚು, ಚಕ್ರದ ರಿಮ್, ಮುಂದಿನ ಗಾಜು, ಮೇಲ್ಛಾವಣಿ ಎಲ್ಲದರ ವಿಡಿಯೊ ಮಾಡಿಕೊಳ್ಳಿ. ನಮ್ಮ ಕಾರಿನ ಗಾಜಿನ ಮೂಲೆಯಲ್ಲಿ ಎಳ್ಳಿನಷ್ಟು ಚಿಕ್ಕ ಕಲ್ಲೇಟಿನ ಗುರುತಿತ್ತು. ಹಿಂತಿರುಗಿಸುವಾಗ ಅಲ್ಲಿನ ಸಿಬ್ಬಂದಿ ಅದನ್ನೇ ಬೆರಳಿಟ್ಟು ತೋರಿಸಿದರು, ನಾವು ಮೊದಲ ದಿನದ ವಿಡಿಯೊ ತೋರಿಸಿದೆವು, ಮಾತು ಅಲ್ಲಿಗೆ ಮುಗಿಯಿತು. ವಿಮಾನ ನಿಲ್ದಾಣಕ್ಕೆ ಹತ್ತಿರದ ಪೆಟ್ರೋಲ್ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಸಿಬ್ಬಂದಿಯಿಲ್ಲದ ಬಂಕ್‌ಗಳಲ್ಲಿ ಪಿನ್ ಇರುವ ಕಾರ್ಡ್ ಬೇಕಾಗುತ್ತದೆ. ಖಾತರಿಗಾಗಿ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಅದು ಮರಳುವವರೆಗೆ ಒಪ್ಪಂದದ ಪ್ರತಿಯನ್ನೂ ಆ ವಿಡಿಯೊವನ್ನೂ ಅಳಿಸಬೇಡಿ.